ಹಾಜರಿ ಪುಸ್ತಕದ ಜೊತೆಗೊಂದು ನೂರು ಪುಟದ ನೋಟ್‌ಬುಕ್

ಮೊನ್ನೆ ತಾಲ್ಲೂಕು ಕಾರ್ಯಾಗಾರದಲ್ಲಿ ಪಕ್ಕದ ಹೈಸ್ಕೂಲಿನ ಗಣಿತದ ಮೇಷ್ಟ್ರು ಊಟದ ಹೊತ್ತಿಗೆ ನನ್ನನ್ನು ಬದಿಗೆ ಕರೆದು, “ಸಾರ್, ಆ ನಿಮ್ಮ ನೋಟ್‌ಬುಕ್ ಹೆಂಗೆ ಬರೀತೀರಿ, ಸ್ವಲ್ಪ ಹೇಳಿ” ಅಂದರು. ಮೂರು ವರ್ಷದ ಹಿಂದೆ ಇದೇ ಮಾತೆತ್ತಿದಾಗ “ನಾವೇನು ಡಾಕ್ಟ್ರಾ ಸಾರ್? ಸಿಲಬಸ್ ಮುಗಿಸೋಕೇ ಪುರುಸೊತ್ತಿಲ್ಲ” ಅಂದಿದ್ದವರೂ ಇವರೇ. ಮನಸ್ಸಿನೊಳಗೇ ನೋಯುತ್ತಿರುವ ಮಕ್ಕಳನ್ನು ಗುರುತಿಸಲು ನಾನು ಇಟ್ಟುಕೊಂಡಿರುವ ನೋಟ್‌ಬುಕ್ ಅದು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಮಾನಸಿಕ ತೊಂದರೆಯ ಲಕ್ಷಣಗಳ ಪಟ್ಟಿ ನಮಗೆಲ್ಲ ತರಬೇತಿಯಲ್ಲಿ ಸಿಕ್ಕಿದೆ. ತೊಡಕಿರುವುದು ಪಟ್ಟಿಯಲ್ಲಲ್ಲ. ನಲವತ್ತೈದು ಮಕ್ಕಳ ತರಗತಿಯಲ್ಲಿ ಗಲಾಟೆ ಮಾಡುವವನು ಕಣ್ಣಿಗೆ ಬೀಳುತ್ತಾನೆ, ಒಳಗೊಳಗೇ ಕುಸಿಯುತ್ತಿರುವ ಮಗುವಿಗೆ ನಾವೇ “ಬಹಳ ಒಳ್ಳೆ ಹುಡುಗಿ, ಬಾಯೇ ಬಿಡಲ್ಲ” ಅಂತ ಸರ್ಟಿಫಿಕೇಟ್ ಕೊಡುತ್ತೇವೆ.

ಮೊದಲು ನಾನು ಮಾಡಿದ ತಪ್ಪುಗಳು. ಒಂಬತ್ತನೇ ತರಗತಿಯ ಹುಡುಗನೊಬ್ಬ ಮಂಕಾಗಿದ್ದನ್ನು ಕಂಡು ತರಗತಿಯಲ್ಲೇ “ಏನೋ, ಯಾಕೋ ಹಿಂಗಿದೀಯ?” ಅಂದುಬಿಟ್ಟೆ. ಮಿಕ್ಕವರು ನಕ್ಕರು. ನಾಲ್ಕು ದಿನ ಅವನು ಶಾಲೆಗೇ ಬರಲಿಲ್ಲ. ಇನ್ನೊಬ್ಬ ಹುಡುಗಿ ಹೇಳಿಕೊಂಡದ್ದನ್ನೆಲ್ಲ ಅವರಪ್ಪನನ್ನು ಕರೆಸಿ ಒಪ್ಪಿಸಿದೆ. ಅವತ್ತು ರಾತ್ರಿ ಅವಳಿಗೆ ಏಟು ಬಿತ್ತು. ಮಾರನೇ ದಿನ ಮುಂದಿನ ಬೆಂಚಿನಿಂದ ಎದ್ದು ಕೊನೆಯ ಬೆಂಚಿಗೆ ಹೋದವಳು, ನಾನು ಹತ್ತಿರ ಬಂದರೆ ಬರೆಯುತ್ತಿದ್ದುದನ್ನು ಮೊಣಕೈಯಿಂದ ಮುಚ್ಚಿಕೊಳ್ಳುತ್ತಿದ್ದಳು. ವರ್ಷ ಮುಗಿಯುವವರೆಗೂ ಹಾಗೆಯೇ. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆಮೇಲೆ ಬಡಗಿಗೆ ಆರುನೂರೋ ಏಳುನೂರೋ ಕೊಟ್ಟು ಬೀಗದ ಪೆಟ್ಟಿಗೆ ಮಾಡಿಸಿ, ಮನಸ್ಸಿನ ಮಾತು ಬರೆದು ಹಾಕಿ ಅಂದೆ. ಒಬ್ಬರನ್ನೊಬ್ಬರು ಬೈದ ಚೀಟಿಗಳೂ ಶೌಚಾಲಯದ ಬಾಗಿಲು ಮುರಿದಿದೆ ಅನ್ನುವ ದೂರುಗಳೂ ಬಂದವು. ಬಾಗಿಲು ರಿಪೇರಿಯಾಯಿತು, ತಿಂಗಳಿಗೆ ಪೆಟ್ಟಿಗೆ ಕೆಳಗಿಳಿಸಿದೆ.

ಕೈ ಹಿಡಿದದ್ದು ಮೂವತ್ತು ರೂಪಾಯಿಯ ನೋಟ್‌ಬುಕ್. ಮೊದಲು ಹಾಜರಿ ಪುಸ್ತಕದ ಹಿಂಬದಿಯಲ್ಲೇ ಬರೆಯುತ್ತಿದ್ದೆ. ಒಬ್ಬರು ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದ ಮೇಲೆ ಬೇರೆ ಮಾಡಿದೆ. ಈಗ ಅದು ನನ್ನ ಬ್ಯಾಗಿನಲ್ಲೇ ಇರುತ್ತದೆ, ಒಳಗೆ ಹೆಸರಿಲ್ಲ, ನನಗಷ್ಟೇ ತಿಳಿಯುವ ಗುರುತುಗಳಿವೆ. ಅವು ಯಾವುವು ಎಂದು ಇಲ್ಲಿ ಹೇಳುವುದಿಲ್ಲ, ಮಕ್ಕಳೂ ಓದುತ್ತಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ಇಪ್ಪತ್ತು ನಿಮಿಷ ಕೂತು ಊಟ, ನಿದ್ದೆ, ಜೊತೆಗಾರರು, ಗೈರುಹಾಜರಿ, ಅರ್ಧಕ್ಕೇ ನಿಂತ ನೋಟ್ಸ್, ಇಷ್ಟರಲ್ಲಿ ಏನು ಬದಲಾಗಿದೆ ಎಂದು ಬರೆಯುತ್ತೇನೆ. ಮಗುವನ್ನು ಪಕ್ಕದ ಮಗುವಿನ ಜೊತೆ ಹೋಲಿಸುವುದಿಲ್ಲ, ಎರಡು ತಿಂಗಳ ಹಿಂದಿನ ಅದೇ ಮಗುವಿನ ಜೊತೆ ಹೋಲಿಸುತ್ತೇನೆ. ಎರಡು ಬದಲಾವಣೆ ಎರಡು ವಾರ ದಾಟಿದರೆ ಮಾತಾಡುತ್ತೇನೆ. ಅಕ್ಷರದ ವಾಲಿಕೆ ನೋಡಿ ಮನಸ್ಸು ತಿಳಿಯಬಹುದೇ ಎಂದು ಒಂದು ಟರ್ಮ್ ಪೂರ್ತಿ ಪರೀಕ್ಷಿಸಿದೆ. ಏನೂ ಸಿಗಲಿಲ್ಲ. ಬಿಸಿಯೂಟದ ಸಾಲಿನಲ್ಲಿ ನಿಂತು ನೋಡಿದ್ದು ಅದಕ್ಕಿಂತ ಹತ್ತು ಪಾಲು ಕೆಲಸಕ್ಕೆ ಬಂತು.

ಹತ್ತನೇ ತರಗತಿಯ ಒಬ್ಬಳು ಸಿಕ್ಕಿದ್ದು ಅಲ್ಲೇ. ಅಂಕ ಎಂಬತ್ತರ ಮೇಲೇ ಇತ್ತು, ಹಾಗಾಗಿ ಅವಳಿಗೆ ಏನೋ ತೊಂದರೆಯಿದೆ ಅಂದರೆ ಯಾರೂ ನಂಬಲಿಲ್ಲ. ಮೂರು ವಾರದಿಂದ ಮೊಟ್ಟೆಯನ್ನು ಪಕ್ಕದವಳ ತಟ್ಟೆಗೆ ಹಾಕುತ್ತಿದ್ದಳು, ಮೊದಲ ಪೀರಿಯಡ್ಡಿಗೇ ತೂಕಡಿಸುತ್ತಿದ್ದಳು, ಎರಡು ಜಡೆಯ ಟೇಪು ಒಂದಾಗಿತ್ತು. ಬಾಗಿಲು ತೆರೆದ ಲೈಬ್ರರಿಯಲ್ಲಿ ಪುಸ್ತಕ ಎಣಿಸುವ ಕೆಲಸ ಹಚ್ಚಿದೆ, ವಿಜ್ಞಾನದ ಮೇಡಂ ಆಚೆ ಮೇಜಿನಲ್ಲಿದ್ದರು. ಎದುರುಬದುರು ಕೂತರೆ ಬಾಯಿ ಕಟ್ಟುತ್ತದೆ, ಅಕ್ಕಪಕ್ಕ ನಿಂತು ಕೈಗೆ ಕೆಲಸವಿದ್ದರೆ ಮಾತು ಹೊರಡುತ್ತದೆ. ಮಾತು ಶುರು ಮಾಡುವ ಮೊದಲ ವಾಕ್ಯ ಮಾತ್ರ ಬರೆಯಲಾರೆ. ಎಲ್ಲರೂ ಅದೇ ವಾಕ್ಯ ಹಿಡಿದರೆ ಅದರ ಬಲ ಹೋಗುತ್ತದೆ. ಕೊನೆಗೆ ನೇರವಾಗಿಯೇ ಕೇಳಿದೆ: “ಬದುಕೋದೇ ಬೇಡ ಅನ್ಸುತ್ತೇನಮ್ಮ?” ಕೈಲಿದ್ದ ಪುಸ್ತಕ ಕೆಳಗಿಟ್ಟು ಹೌದೆಂದು ತಲೆ ಆಡಿಸಿದಳು.

ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂದು ನಮ್ಮಲ್ಲಿ ಬಹಳ ಜನ ಹೆದರುತ್ತಾರೆ. ಅದು ತಪ್ಪು. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಮಗುವಿನ ಎದೆಯ ಭಾರ ಇಳಿಯುತ್ತದೆ. “ಯಾರಿಗೂ ಹೇಳಲ್ಲ” ಎಂದು ಮಾತ್ರ ಮಾತು ಕೊಡಬೇಡಿ. “ಯಾರ್ಯಾರಿಗೆ ಹೇಳ್ಬೇಕು ಅಂತ ಇಬ್ರೂ ಕೂತು ತೀರ್ಮಾನ ಮಾಡೋಣ” ಅಂದೆ. ಅವಳು ಅಮ್ಮನ ಹೆಸರು ಹೇಳಿದಳು. ಮೇಡಂ ಅವಳ ಜೊತೆಗೇ ಕೂತರು, ಒಂದು ಗಳಿಗೆಯೂ ಒಬ್ಬಳನ್ನೇ ಬಿಡಲಿಲ್ಲ. ಮುಖ್ಯೋಪಾಧ್ಯಾಯರ (ಎಚ್.ಎಂ.) ಕೊಠಡಿಯಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆವು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಗೊಂದಲವಾದಾಗ ನನಗಾಗಿಯೂ ಮಾಡಿದ್ದೇನೆ. ಅಮ್ಮ ಬಂದ ಕೂಡಲೇ ನಾವು ಅವರಿಗೆ ಹೇಳಿದ ಮೊದಲ ಮಾತು, ಮನೆಯಲ್ಲಿರುವ ಹೊಲದ ಔಷಧಿಯನ್ನು ಇವತ್ತೇ ಬೇರೆ ಕಡೆ ಸಾಗಿಸಿ ಬೀಗ ಹಾಕಿ ಅನ್ನುವುದು. ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಆಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮವಾದ ಮನೋಚೈತನ್ಯದ ಮಂಗಳವಾರದ ಕ್ಲಿನಿಕ್‌ನಲ್ಲಿ ಮನೋವೈದ್ಯರು ನೋಡಿದರು.

ಅವಳ ಅಪ್ಪನಿಗೆ ಪೊಲೀಸ್ ಕೇಸಿನ ಭಯ. ಆತ್ಮಹತ್ಯೆಗೆ ಯತ್ನಿಸಿದವರನ್ನೇ ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ, ಇನ್ನು ನಿಮ್ಮ ಮಗಳು ಏನೂ ಮಾಡಿಯೇ ಇಲ್ಲವಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಅಜ್ಜಿ ಗಾಳಿ ಸೋಕಿದೆ ಅಂದರು. ವಾದಕ್ಕೆ ಹೋಗಲಿಲ್ಲ. “ದೇವಸ್ಥಾನಕ್ಕೂ ಹೋಗಿ ಬನ್ನಿ ಅವ್ವಾ, ಮಂಗಳವಾರ ಮಾತ್ರ ತಪ್ಪಿಸಬೇಡಿ” ಅಂದೆ. ಒಂದೂ ತಪ್ಪಿಸಲಿಲ್ಲ. ಮಾತ್ರೆ ಆಸ್ಪತ್ರೆಯಲ್ಲೇ ಸಿಕ್ಕಿತು. ಆಟೊ, ಬಸ್ಸು ಎಲ್ಲ ಸೇರಿ ಎರಡು ಸಾವಿರದ ಚಿಲ್ಲರೆ ಖರ್ಚಾಗಿರಬೇಕು, ಅರ್ಧ ಎಚ್.ಎಂ. ಹಾಕಿದರು.

ಆ ವರ್ಷ ಒಟ್ಟು ಏಳು ಮಕ್ಕಳ ಹತ್ತಿರ ಮಾತಾಡಿದೆ. ಒಬ್ಬನಿಗೆ ಬೇಕಿದ್ದದ್ದು ಕನ್ನಡಕ, ಇನ್ನೊಬ್ಬಳಿಗೆ ರಕ್ತಹೀನತೆ. ಮತ್ತೊಬ್ಬಳಿಗೆ ಮನೆಯಲ್ಲಿ ಮದುವೆ ಗೊತ್ತುಮಾಡಿದ್ದರು, ಅದಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು, ಮದುವೆ ನಿಂತಿತು. ಆಸ್ಪತ್ರೆಯವರೆಗೂ ಹೋಗಬೇಕಾಗಿ ಬಂದದ್ದು ಮೂವರಿಗೆ. ಒಂದು ಮಗುವೂ ಶಾಲೆ ಬಿಡಲಿಲ್ಲ, ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆ ಹುಡುಗಿ ಶಾಲೆಗೆ ವಾಪಸು ಬಂದ ದಿನ ಯಾರೂ ಏನನ್ನೂ ಕೇಳಬಾರದು, ಅಯ್ಯೋ ಪಾಪ ಅನ್ನಲೂಬಾರದು ಎಂದು ಸ್ಟಾಫ್ ರೂಮಿನಲ್ಲಿ ಮೊದಲೇ ಹೇಳಿದ್ದೆ. ಲೈಬ್ರರಿ ಬೀಗದ ಕೈ ಅವಳ ಕೈಗೆ ಕೊಟ್ಟೆ. ಐದನೇ ವಾರವೋ ಆರನೆಯದೋ, ಬಿಸಿಯೂಟದ ಸಾಲಿನ ಕೊನೆಯಲ್ಲಿ ಕೂತು ಮೊಟ್ಟೆ ಸುಲಿದು, ಉಪ್ಪು ಕೇಳಿ ಹಾಕಿಸಿಕೊಂಡು, ತಾನೇ ತಿಂದಳು. ಅವತ್ತು ಶನಿವಾರಕ್ಕೆ ಕಾಯಲಿಲ್ಲ, ಅಲ್ಲೇ ನಿಂತು ಬರೆದುಕೊಂಡೆ.