ಪ್ರಿಂಟರ್ ಆಫ್‌ಲೈನ್ ಅಂತಿದೆಯಾ? ಮೊದಲು ಒಂದು ಹಾಳೆ ತೆಗೆಯಿರಿ

ಮನೆಯಲ್ಲಿ ಟ್ಯೂಷನ್ ಹೇಳಿಕೊಡುತ್ತೇನೆ, ಹಾಗಾಗಿ ಪ್ರಿಂಟರ್ ಇಲ್ಲದೆ ಕೆಲಸ ನಡೆಯುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಲ್ಯಾಪ್‌ಟಾಪ್ ‘ಆಫ್‌ಲೈನ್’ ಅನ್ನುತ್ತಿತ್ತು. ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ತೆಗೆಯುವುದು, ಮತ್ತೆ ಹಾಕುವುದು, ಹೀಗೇ ಎರಡು ಭಾನುವಾರ ಹಾಳಾದವು. ತೊಂದರೆ ಡ್ರೈವರ್‌ನಲ್ಲಿ ಇರಲೇ ಇಲ್ಲ.

ಈಗ ಮೊದಲು ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ವಿವರದ ಹಾಳೆ ತೆಗೆಯುತ್ತೇನೆ. ನನ್ನದರಲ್ಲಿ ‘ಐ’ ಬಟನ್ ಒತ್ತಿ ಹಿಡಿದರೆ ಬರುತ್ತದೆ. ಪರದೆ ಇರುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಹಾಳೆಯಲ್ಲಿ ನೋಡಬೇಕಾದದ್ದು ಐಪಿ ಅಡ್ರೆಸ್, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಪ್ರಿಂಟರ್‌ನ ವಿಳಾಸ.

ಅದು 169.254 ಅಂತ ಶುರುವಾದರೆ ರೂಟರ್ ವಿಳಾಸ ಕೊಟ್ಟಿಲ್ಲ, ಪ್ರಿಂಟರ್ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ಎರಡನ್ನೂ ಆಫ್ ಮಾಡಿ. ಮೊದಲು ರೂಟರ್ ಹಾಕಿ, ಇಂಟರ್ನೆಟ್ ಬಂದ ಮೇಲೆ ಪ್ರಿಂಟರ್ ಹಾಕಿ.

ವೈಫೈಗೇ ಸೇರುತ್ತಿಲ್ಲವಾ? ಪಾಸ್‌ವರ್ಡ್ ಬದಲಾಗಿದೆಯಾ ನೋಡಿ. ಆಮೇಲೆ ಬ್ಯಾಂಡ್, ಅಂದರೆ ವೈಫೈ ಯಾವ ಫ್ರೀಕ್ವೆನ್ಸಿಯಲ್ಲಿದೆ ಅಂತ. ಕಡಿಮೆ ಬೆಲೆಯ ಎಷ್ಟೋ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಕಾಣಿಸುವುದೇ ಇಲ್ಲ. ರೂಟರ್‌ನ ಸೆಕ್ಯುರಿಟಿಯಲ್ಲಿ ಬರೀ ಹೊಸ ಬಗೆಯ ಡಬ್ಲ್ಯೂಪಿಎ3 ಇಟ್ಟಿದ್ದರೂ ಹಳೆಯ ಪ್ರಿಂಟರ್ ಒಳಗೆ ಬರುವುದಿಲ್ಲ, ಡಬ್ಲ್ಯೂಪಿಎ2 ಬೇಕು.

ನನ್ನ ಹಾಳೆಯಲ್ಲಿ 192.168.1.7 ಅಂತ ಸರಿಯಾಗೇ ಇತ್ತು. ಅದನ್ನು ಮೊಬೈಲ್ ಬ್ರೌಸರ್‌ನಲ್ಲಿ ಟೈಪ್ ಮಾಡಿದೆ (ಡೇಟಾ ಆಫ್ ಇರಲಿ, ಗೆಸ್ಟ್ ವೈಫೈ ಬೇಡ, ಅದರಲ್ಲಿ ಸಾಮಾನ್ಯವಾಗಿ ಪ್ರಿಂಟರ್ ಸಿಗುವುದಿಲ್ಲ). ಪ್ರಿಂಟರ್‌ನ ಪುಟ ತೆರೆಯಿತು. ಅಂದಮೇಲೆ ಪ್ರಿಂಟರ್ ಚೆನ್ನಾಗಿದೆ, ಹುಡುಕಬೇಕಾದದ್ದು ಲ್ಯಾಪ್‌ಟಾಪ್‌ನಲ್ಲಿ ಅಲ್ವಾ? ವಿಂಡೋಸ್‌ನ ಪ್ರಿಂಟರ್ ಪ್ರಾಪರ್ಟೀಸ್, ಅದರಲ್ಲಿ ಪೋರ್ಟ್ಸ್ (ಲ್ಯಾಪ್‌ಟಾಪ್ ಪ್ರಿಂಟ್ ಕಳಿಸುವ ವಿಳಾಸ ಇರುವ ಜಾಗ) ನೋಡಿದೆ. ಅಲ್ಲಿ ಇನ್ನೂ 192.168.1.4 ಕೂತಿತ್ತು! ಕರೆಂಟ್ ಬಂದಾಗ ರೂಟರ್ ಪ್ರಿಂಟರ್‌ಗೆ ಹೊಸ ವಿಳಾಸ ಕೊಟ್ಟಿದೆ, ಲ್ಯಾಪ್‌ಟಾಪ್ ಹಳೇ ಮನೆ ಬಾಗಿಲು ತಟ್ಟುತ್ತಿದೆ.

ಇದಕ್ಕೆ ಮೊದಲು ರೂಟರ್‌ನಲ್ಲಿ ವಿಳಾಸ ಗಟ್ಟಿ ಮಾಡಬೇಕು. ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ. ಹಾಳೆಯಲ್ಲಿರುವ ಮ್ಯಾಕ್ ಅಡ್ರೆಸ್ (ಪ್ರಿಂಟರ್‌ನ ಗುರುತಿನ ಸಂಖ್ಯೆ) ಹಾಕಿ, ಇಂಥ ಐಪಿ ಇದಕ್ಕೇ ಅಂತ ಸೇವ್ ಮಾಡಿ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಆ್ಯಡ್ ಪೋರ್ಟ್, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಆರಿಸಿ ಅದೇ ಐಪಿ ಕೊಡಿ.

ಪೋರ್ಟ್ ಬದಲಿಸುವ ಮುಂಚೆ ಕ್ಯೂನಲ್ಲಿ ಉಳಿದಿರುವ ಪ್ರಿಂಟ್‌ಗಳನ್ನು ಕ್ಯಾನ್ಸಲ್ ಮಾಡಿ. ನಾನು ಮರೆತಿದ್ದೆ. ಎಂಟನೇ ಕ್ಲಾಸಿನ ಗಣಿತ ಪತ್ರಿಕೆ ಹದಿನಾಲ್ಕು ಪ್ರತಿ ಬಂತು. ಮಕ್ಕಳಿರುವುದು ಆರು.