ಲಸಿಕೆಗೆ ದಿನ ಗೊತ್ತು ಮಾಡಿ, ಸುದ್ದಿಗೆ ಕಾಯಬೇಡಿ

ಫ್ಲೂ ಲಸಿಕೆ ಹಾಕಿಸಿಕೊಳ್ಳುವವರು ಸುತ್ತಮುತ್ತ ಜ್ವರ ಶುರುವಾಗುವವರೆಗೆ ಕಾಯಬೇಡಿ. ಫ್ಲೂ ಹೆಚ್ಚು ಹರಡುವ ಸೀಸನ್‌ಗೆ ಸುಮಾರು ಒಂದು ತಿಂಗಳು ಮೊದಲೇ ದಿನ ಗೊತ್ತು ಮಾಡಿ, ಫೋನಿನಲ್ಲಿ ರಿಮೈಂಡರ್ ಇಟ್ಟುಬಿಡಿ. ಕಾಯಿಲೆ ಕಣ್ಣಿಗೆ ಬೀಳದಿದ್ದಾಗ ಲಸಿಕೆ ಸುಮ್ನೆ ಖರ್ಚು ಅನ್ನಿಸುತ್ತದೆ. ಹಬ್ಬಿದಾಗ ಎಲ್ಲರೂ ಒಟ್ಟಿಗೆ ಓಡುತ್ತಾರೆ. ಆದರೆ ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರಲು ಸುಮಾರು 2 ವಾರ ಬೇಕು, ಅಷ್ಟರಲ್ಲಿ ಸೋಂಕು ತಗುಲಬಹುದು. ಲೆಕ್ಕ ಹಾಕುವಾಗ ಲಸಿಕೆಯ ಬೆಲೆ ಒಂದನ್ನೇ ನೋಡಬೇಡಿ; ಹಾಸಿಗೆ ಹಿಡಿದ ದಿನಗಳ ದುಡಿಮೆ, ಮನೆಯ ಹಿರಿಯರಿಗೆ ಅಂಟಿದರೆ ಆಗುವ ಖರ್ಚನ್ನೂ ಸೇರಿಸಿ. (ನಮ್ಮಿಂದ ಸೋಂಕು ಹರಡದೆ ಪಕ್ಕದವರಿಗೆ ಆಗುವ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ವಾ?) ‘ಎಲ್ಲರೂ ಹಾಕಿಸಿಕೊಂಡಿದ್ದಾರೆ, ನನಗೇಕೆ’ ಎಂಬ ಲೆಕ್ಕ ಧನುರ್ವಾಯುವಿಗೆ ಒಂಚೂರೂ ನಡೆಯದು, ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವುದೇ ಇಲ್ಲ. ದಡಾರವನ್ನು ತಡೆಯಲು ಸುಮಾರು 95% ಜನರಿಗೆ ರಕ್ಷಣೆ ಇರಬೇಕು, ಕೆಲವರು ತಪ್ಪಿಸಿಕೊಂಡರೂ ಅದು ಹಬ್ಬಬಹುದು, ಹಾಗಾಗಿ ಅಲ್ಲೂ ಬೇರೆಯವರ ಲಸಿಕೆಯನ್ನು ನೆಚ್ಚಿಕೊಳ್ಳಬೇಡಿ. ಫ್ಲೂ ಲಸಿಕೆಯನ್ನು ತೀರಾ ಬೇಗ ಹಾಕಿಸಿದರೆ ಸೀಸನ್ ಮುಗಿಯುವ ಮೊದಲೇ ಅದರ ಬಲ ತಗ್ಗಬಹುದು. ಆ ವರ್ಷ ಹರಡಿದ ವೈರಸ್ ಲಸಿಕೆಗೆ ಹೊಂದದಿದ್ದರೂ ರಕ್ಷಣೆ ಕಡಿಮೆ. ಸೀಸನ್ ಶುರುವಾಗಿಬಿಟ್ಟಿದ್ದರೆ ತಡವಾದರೂ ಹಾಕಿಸಿಕೊಳ್ಳಿ.