ಕುರ್ಚಿ ಜೋಡಿಸಿದವರಿಗೂ ಒಂದು ಶಾಲು: ಪ್ರೋಗ್ರಾಮಿಂಗ್ ಬಳಗದಲ್ಲಿ ಪ್ರಶಸ್ತಿ ಕೊಡುವ ಬಗೆ

ಮಂಗಳೂರು, ಸುರತ್ಕಲ್, ಮಣಿಪಾಲದ ಕಡೆ ಪೈಥಾನೋ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯೋ ಹಿಡಿದು ಬಳಗ ಕಟ್ಟಿದವರು ಎರಡು ಮೂರು ವರ್ಷ ಕಳೆಯುವಾಗ ‘ನಮ್ಮಲ್ಲೂ ಒಂದು ಪ್ರಶಸ್ತಿ ಇಡುವ’ ಎನ್ನುತ್ತಾರೆ. ಇಡಬಹುದು. ಆದರೆ ಯಾವ ಕೆಲಸಕ್ಕೆ ಎಂಬುದನ್ನು ಮೊದಲೇ ಒಂದು ವಾಕ್ಯದಲ್ಲಿ ಬರೆದಿಡಿ. ಪರ್ಲ್ ಎಂಬ ಭಾಷೆಯ ಬಳಗದಲ್ಲಿ 1999ರಲ್ಲಿ ಶುರುವಾದ ‘ವೈಟ್ ಕ್ಯಾಮೆಲ್’ ಪ್ರಶಸ್ತಿ ಕೋಡ್ ಬರೆದದ್ದಕ್ಕಲ್ಲ, ಬಳಗ ಬೆಳೆಸಿದ್ದಕ್ಕೆ. ಪೈಥಾನ್ ಭಾಷೆಯನ್ನು ನೋಡಿಕೊಳ್ಳುವ ಸಂಸ್ಥೆ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ‘ಕಮ್ಯುನಿಟಿ ಸರ್ವಿಸ್ ಅವಾರ್ಡ್’ ಸ್ವಯಂಸೇವೆಗೆ. ಭಾರತದ ಪೈಥಾನ್ ಬಳಗವೂ ತನ್ನನ್ನು ಕಟ್ಟಿದವರಲ್ಲಿ ಒಬ್ಬರಾದ, 2012ರಲ್ಲಿ ತೀರಿಕೊಂಡ ಕೆನೆತ್ ಗೊನ್ಸಾಲ್ವಿಸ್ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿ ಕೊಡುತ್ತದೆ. ‘ಸಮಗ್ರ ಸಾಧನೆಗೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿರೋ, ಅದು ದೊಡ್ಡ ಕಂಪೆನಿಯಲ್ಲಿ ದೊಡ್ಡ ಹುದ್ದೆ ಇದ್ದವರ ಮನೆಗೇ ಹೋಗುತ್ತದೆ.

ಹೆಚ್ಚಿನವರು ಎಡವುವುದು ಲೆಕ್ಕ ಹಾಕುವಲ್ಲಿ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಶಾರ್ಟ್‌ಲಾಗ್ ಎಂಬ ಆದೇಶ ಓಡಿಸಿದರೆ ಯಾರದ್ದು ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಎಂದು ಅರೆಗಳಿಗೆಯಲ್ಲಿ ಪಟ್ಟಿ ಬರುತ್ತದೆ, ಅದನ್ನೇ ನಂಬಬೇಡಿ. ಒಬ್ಬರೇ ಕಾಲೇಜಿನ ಇಮೇಲ್‌ನಿಂದ ಒಂದು ಹೆಸರಲ್ಲಿ, ಮನೆಯ ಲ್ಯಾಪ್‌ಟಾಪ್‌ನಿಂದ ಇನ್ನೊಂದು ಹೆಸರಲ್ಲಿ ಕಮಿಟ್ ಮಾಡಿದ್ದರೆ ಎರಡು ಸಾಲಾಗಿ ಕಾಣುತ್ತಾರೆ. ಯಾವ ಇಮೇಲ್ ಯಾರದ್ದು ಎಂದು ಗಿಟ್‌ಗೆ ತಿಳಿಸುವ ಮೇಲ್‌ಮ್ಯಾಪ್ ಕಡತದಲ್ಲಿ ಎರಡನ್ನೂ ಜೋಡಿಸಿ, ಆಮೇಲೆ ಎಣಿಸಿ. ಜಂಟಿಯಾಗಿ ಬರೆದ ಕಮಿಟ್‌ನಲ್ಲಿ ಎರಡನೆಯವರ ಹೆಸರು ಸಂದೇಶದ ಕೊನೆಯ ಸಾಲಿನಲ್ಲಿರುತ್ತದೆ, ಶಾರ್ಟ್‌ಲಾಗ್ ತಾನಾಗಿ ಅದನ್ನು ಎಣಿಸುವುದಿಲ್ಲ. ಹತ್ತು ಸಲ ಓದಿ ತಪ್ಪು ತೋರಿಸಿದ ವಿಮರ್ಶಕರಂತೂ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಹಾಗಾಗಿ ಪುಲ್ ರಿಕ್ವೆಸ್ಟ್‌ಗಳ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳ) ಕೆಳಗಿನ ಚರ್ಚೆಯನ್ನು ಬೇರೆಯಾಗಿ ಓದಬೇಕು. ಇನ್ನು ಸಭಾಂಗಣಕ್ಕೆ ಅನುಮತಿ ಪತ್ರ ಬರೆದವರು, ಪ್ರೊಜೆಕ್ಟರ್ ಕೇಬಲ್ ತಂದವರು, ಹೊಸಬರ ಯಂತ್ರದಲ್ಲಿ ಪೈಥಾನ್ ಕೂರಿಸಿಕೊಟ್ಟವರು ಯಾವ ಯಂತ್ರದ ಲೆಕ್ಕಕ್ಕೂ ಸಿಕ್ಕುವುದಿಲ್ಲ. ಪ್ರತಿ ಕೂಟ ಮುಗಿದ ಅದೇ ಸಂಜೆ ‘ಇವತ್ತು ಯಾರು ಏನು ಮಾಡಿದರು’ ಎಂದು ಐದು ಸಾಲು ಬರೆದಿಡುವ ಪುಸ್ತಕ ಒಂದಿರಲಿ. ವರ್ಷದ ಕೊನೆಗೆ ನೆನಪಿನಿಂದ ಬರೆಯ ಹೊರಟರೆ ಮೈಕ್ ಹಿಡಿದವರಷ್ಟೇ ನೆನಪಾಗುತ್ತಾರೆ.

ಹೆಸರು ಸೂಚಿಸುವ ಪತ್ರ ಒಂದು ಪುಟ ಸಾಕು. ‘ತುಂಬಾ ಒಳ್ಳೆಯವರು, ಯಾವಾಗಲೂ ಸಹಾಯ ಮಾಡುತ್ತಾರೆ’ ಎಂಬುದರಿಂದ ಆಯ್ಕೆ ಸಮಿತಿಗೆ ಏನೂ ತಿಳಿಯದು. ಏನು ಮಾಡಿದರು, ಯಾವಾಗಿನಿಂದ, ಅದರಿಂದ ಏನು ಬದಲಾಯಿತು, ನೋಡಿದವರು ಯಾರು – ಇಷ್ಟು ಬರೆಯಿರಿ. ‘14 ತಿಂಗಳು, ಪ್ರತಿ ಎರಡನೇ ಶನಿವಾರ, ಆರಂಭಿಕರಿಗೆ ಕನ್ನಡದಲ್ಲಿ ಪಾಠ, ಕಲಿತವರಲ್ಲಿ ಮೂವರು ಈಗ ತಾವೇ ಪಾಠ ಮಾಡುತ್ತಾರೆ’ ಎಂದರೆ ಚಿತ್ರ ಕಣ್ಣಿಗೆ ಬರುತ್ತದೆ. ಪೈಥಾನ್ ಫೌಂಡೇಶನ್ನಿನ ಮಂಡಳಿ ಪ್ರಶಸ್ತಿಯನ್ನು ಒಂದೇ ವಾಕ್ಯದ ಠರಾವಾಗಿ ಮಂಜೂರು ಮಾಡುತ್ತದೆ: ಇಂಥವರಿಗೆ, ಇಂಥ ಕೆಲಸಕ್ಕಾಗಿ. ನಿಮ್ಮ ಪತ್ರವನ್ನೂ ಆ ಒಂದು ವಾಕ್ಯಕ್ಕೆ ಇಳಿಸಲು ಆಗದಿದ್ದರೆ ಇನ್ನೂ ವಿವರ ಬೇಕು ಎಂದರ್ಥ.

ಸಮಿತಿಗೆ ಮೂವರು ಅಥವಾ ಐವರು. ಈ ಸಲ ಹೆಸರು ಬಂದವರು, ಅವರ ಸಹೋದ್ಯೋಗಿಗಳು, ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟವರು ಬೇಡ. ಹಿಂದಿನ ಪುರಸ್ಕೃತರು ಒಬ್ಬರಿರಲಿ. ಲೈಕ್ ಎಣಿಸಿ ಆರಿಸುವುದಂತೂ ಬೇಡವೇ ಬೇಡ, ದೊಡ್ಡ ಕಾಲೇಜಿನ ಹುಡುಗರು ಯಾವತ್ತೂ ಗೆಲ್ಲುತ್ತಾರೆ. ಯೋಗ್ಯರು ಸಿಗದ ವರ್ಷ ಪ್ರಶಸ್ತಿಯನ್ನು ಯಾರಿಗೂ ಕೊಡದೆ ಬಿಡಿ.

ದಿನ ಗೊತ್ತು ಮಾಡುವಾಗ ಜೂನ್‌ನಿಂದ ಆಗಸ್ಟ್ ಬೇಡ. ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ರಜೆ ಸಾರಿದರೆ ಕಾಲೇಜಿನ ಸಭಾಂಗಣಕ್ಕೆ ಬೀಗ. ಏಪ್ರಿಲ್, ಮೇಯಲ್ಲಿ ಮದುವೆಗಳದ್ದೇ ಕಾರುಬಾರು, ಹಾಲ್ ಸಿಕ್ಕುವುದು ಕಷ್ಟ. ಶಾಲು, ಹಣ್ಣಿನ ಬುಟ್ಟಿ ನಮ್ಮ ಕಡೆಯ ಸನ್ಮಾನದಲ್ಲಿ ಇದ್ದದ್ದೇ. ಮೈಸೂರು ಪೇಟದ ಬದಲು ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ ಇಟ್ಟರೆ ಖರ್ಚೂ ಕಡಿಮೆ, ಊರಿನದ್ದೂ ಹೌದು. ಶಂಕರಪುರ ಮಲ್ಲಿಗೆ ಬೇಕೆಂದರೆ ಹೂವಿನವರಿಗೆ ಮುಂಚೆಯೇ ಹೇಳಿಡಿ. ದರ ಅಟ್ಟೆಯ ಲೆಕ್ಕದಲ್ಲಿ, ಕಟ್ಟಿದ ಹೂವಿನ ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ಕಾಲದಲ್ಲಿ ದಿನದಿಂದ ದಿನಕ್ಕೆ ಏರುತ್ತದೆ.

ಫಲಕಕ್ಕೆ ಹೆಸರು ಕೊಡುವ ಮೊದಲು ಅವರ ಹತ್ತಿರವೇ ಬರೆಸಿಕೊಳ್ಳಿ. ಡಿಸೋಜ, ಡಿಸೋಜಾ, ಡಿ’ಸೋಜ ಮೂರೂ ನಮ್ಮೂರಲ್ಲಿ ಇವೆ. ಶೆಣೈ ಎಂಬುದನ್ನೂ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಹೆಸರು ಪ್ರಕಟಿಸಲು ಒಪ್ಪಿಗೆಯೂ ಆಗಲೇ ಕೇಳಿ, ಕೆಲವರಿಗೆ ಬಳಕೆದಾರ ಹೆಸರೇ ಸಾಕಿರುತ್ತದೆ. ಪುರಸ್ಕೃತರು ಕೆಲಸಕ್ಕೆಂದು ಬೆಂಗಳೂರಿಗೋ ದುಬೈಗೋ ಹೋಗಿದ್ದರೆ ಗಾಜಿನ ಫಲಕ ಬೇಡ. ಕೊರಿಯರ್‌ನಲ್ಲಿ ಒಡೆಯದಂಥ ಮರದ್ದು ಮಾಡಿಸಿ.